ಮೊದಲು ಖಜಾನೆ ಖಾಲಿಯಾಗಲಿ, ಆಮೇಲೆ ಭಾಷಣ

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ನಾನೇ ಕಟ್ಟಿದ ಒಂದು ಪುಟ್ಟ ದೇಶ ಇದೆ. ಕಡಲ ಕರೆಯ ದೇಶ, ಕಾಫಿ ಮೆಣಸು ಬೆಳೆಯುತ್ತದೆ, ನಲವತ್ತು ವರ್ಷ ಒಂದೇ ದೊಡ್ಡ ದೇಶದ ನೆರಳಿನಲ್ಲಿ ಬದುಕಿದೆ. ಮೊದಲ ಅಧ್ಯಾಯದಲ್ಲಿ ಅಧ್ಯಕ್ಷರು ರಾತ್ರಿ ಟಿವಿಗೆ ಬಂದು ‘ಇನ್ನು ಮೇಲೆ ನಮ್ಮ ದಾರಿ ಪೂರ್ವದ ಕಡೆಗೆ’ ಎಂದು ಸಾರುತ್ತಾರೆ. ಮರುದಿನದಿಂದ ಎಲ್ಲವೂ ಬದಲು. ಓದಿದ ಗೆಳೆಯನೊಬ್ಬ ‘ಇದು ನಂಬೋ ಹಾಗಿಲ್ಲ’ ಅಂದ. ನಿಜವಾದ ದೇಶಗಳು ವಿದೇಶಾಂಗ ನೀತಿಯ ದಿಕ್ಕನ್ನು ಹೇಗೆ ಬದಲಿಸುತ್ತವೆ?

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ಅಧ್ಯಕ್ಷರು ಭಾಷಣ ಮಾಡಿದ್ದರಲ್ಲಿ ತಪ್ಪಿಲ್ಲ. ಮೊದಲ ಅಧ್ಯಾಯದಲ್ಲೇ ಮಾಡಿಬಿಟ್ಟರಲ್ಲ, ತೊಡಕು ಅಲ್ಲಿದೆ.

ನಾನು ಈ ವಿಷಯವನ್ನೇ ಪಾಠ ಮಾಡಿಕೊಂಡು ಬಂದವನು. ಹೊಸ ಊರು ಚೆಂದ ಕಂಡಿತು ಅಂತ ದೇಶಗಳು ದಿಕ್ಕು ಬದಲಿಸಿದ್ದು ನಾನು ಕಂಡಂತೆ ಬಲು ಕಡಿಮೆ. ಹಳೇ ಗಿರಾಕಿ ಅಂಗಡಿಗೆ ಬೀಗ ಹಾಕಿಕೊಂಡು ಹೋದಾಗ, ಬೇರೆ ದಾರಿ ಇಲ್ಲದೆ, ಗೊಣಗಿಕೊಂಡು ತಿರುಗುತ್ತವೆ. ತಿರುಗಿ ಮೂರು ನಾಲ್ಕು ವರ್ಷವಾದ ಮೇಲೆ ಯಾರೋ ಅದಕ್ಕೊಂದು ಹೆಸರಿಡುತ್ತಾರೆ. ಆಮೇಲೆ ಪೇಪರಿನವರು ‘ದೂರದೃಷ್ಟಿ’ ಅಂತ ಬರೆಯುತ್ತಾರೆ.

ಉದಾಹರಣೆಗೆ ದೂರ ಹೋಗುವುದೇ ಬೇಡ. ನಮ್ಮದೇ ದೇಶದ ‘ಲುಕ್ ಈಸ್ಟ್’, ಅಂದರೆ ಪೂರ್ವದ ಕಡೆ ನೋಡುವ ನೀತಿ ಇದೆಯಲ್ಲ, ಅದನ್ನೇ ತೆಗೆದುಕೊಳ್ಳೋಣ. ನಿಮ್ಮ ಕಲ್ಪನೆಯ ದೇಶವೂ ಕಾಫಿ, ಮೆಣಸು ಬೆಳೆಯುತ್ತದೆ ಅಂತ ಬರೆದಿದ್ದೀರಿ. ಇನ್ನೂ ಒಳ್ಳೆಯದೇ ಆಯಿತು.

1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಎಣ್ಣೆ ಬೆಲೆ ಏರಿತು. ಅಲ್ಲಿ ದುಡಿಯುತ್ತಿದ್ದ ನಮ್ಮವರು ಲಕ್ಷಕ್ಕೂ ಜಾಸ್ತಿ ಜನ ಕೈಗೆ ಸಿಕ್ಕ ಚೀಲ ಹಿಡಿದು ವಿಮಾನ ಹತ್ತಿ ವಾಪಸ್ ಬಂದರು. ಅವರು ಮನೆಗೆ ಕಳಿಸುತ್ತಿದ್ದ ದುಡ್ಡೂ ನಿಂತಿತು. 1991ರ ಮಧ್ಯದ ಹೊತ್ತಿಗೆ ಸರ್ಕಾರದ ಕೈಯಲ್ಲಿದ್ದ ಡಾಲರು ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿಗೆ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದರು. ಆ ಚಿನ್ನ ಹೊತ್ತು ವಿಮಾನ ನಿಲ್ದಾಣಕ್ಕೆ ಹೊರಟ ವ್ಯಾನು ನಡುದಾರಿಯಲ್ಲಿ ಕೆಟ್ಟು ನಿಂತಿತ್ತು ಎಂದು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ವೈ.ವಿ. ರೆಡ್ಡಿ ನೆನಪಿಸಿಕೊಂಡಿದ್ದಾರೆ. ನಿಮ್ಮ ಟಿವಿ ಭಾಷಣಕ್ಕಿಂತ ಆ ವ್ಯಾನು ಎಷ್ಟೋ ಒಳ್ಳೆಯ ದೃಶ್ಯ ಅಲ್ವಾ? ಮನೆಯ ಒಡವೆ ಅಡವಿಡಲು ಹೋಗುವವರು ಬೀದಿಯಲ್ಲಿ ಸಿಕ್ಕಿಬಿದ್ದ ಹಾಗೆ.

ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಇದರ ಪೆಟ್ಟು ಎಷ್ಟು ಅನ್ನುವುದು ಈಗಿನ ಹುಡುಗರಿಗೆ ಹೊಳೆಯುವುದಿಲ್ಲ. ನಮ್ಮ ಸೇನೆಯ ಆಯುಧಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ವಿಶ್ವಸಂಸ್ಥೆಯಲ್ಲಿ ನಮ್ಮ ಪರವಾಗಿ ವೀಟೊ ಹಾಕುತ್ತಿದ್ದವರು ಅವರೇ. ಮುಖ್ಯವಾಗಿ, ಅವರ ಜೊತೆ ವ್ಯಾಪಾರಕ್ಕೆ ಡಾಲರ್ ಬೇಕಿರಲಿಲ್ಲ. ರೂಪಾಯಿ, ರೂಬಲ್ ಲೆಕ್ಕದಲ್ಲೇ ಕೊಡು ಕೊಳ್ಳು ನಡೆಯುತ್ತಿತ್ತು. ನಾವು ಚಹಾ, ಕಾಫಿ, ಚರ್ಮ ಕಳಿಸುತ್ತಿದ್ದೆವು. ಅವರು ಯಂತ್ರ, ಎಣ್ಣೆ, ಆಯುಧ ಕಳಿಸುತ್ತಿದ್ದರು.

ಕಾಫಿಯ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ದೆಹಲಿಯ ಕಡತಗಳಲ್ಲಿ ಕಾಣದ್ದು ಮಲೆನಾಡಿನ ಕಣದಲ್ಲಿ ಕಾಣುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. 1942ರ ಕಾಯ್ದೆಯ ಪ್ರಕಾರ ಬೆಳೆದವರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೆಳೆ ಒಟ್ಟು ಸೇರುವ ದಾಸ್ತಾನಿಗೆ, ಹಾಕಬೇಕಿತ್ತು. ಸ್ವಂತವಾಗಿ ಮಾರುವ ಹಾಗಿರಲಿಲ್ಲ. ಬೋರ್ಡು ಮಾರಿ, ಕಂತುಕಂತಾಗಿ ಹಣ ಕೊಡುತ್ತಿತ್ತು. ಆ ಕಾಫಿಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ಗುಣಮಟ್ಟದ ಬಗ್ಗೆ ಹೆಚ್ಚು ತಕರಾರಿಲ್ಲ, ವರ್ಷ ವರ್ಷ ಖಾತ್ರಿ ಖರೀದಿ. ಸಕಲೇಶಪುರದ ಕಡೆಯ ನಮ್ಮ ಭಾವನವರು ಈಗಲೂ ಹೇಳುತ್ತಾರೆ: ‘ನಮ್ಮ ಕಾಫಿ ಯಾರು ಕುಡೀತಾರೆ ಅಂತ ಆಗ ನಮಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.’ ಆ ಗಿರಾಕಿ ಹೋದ ಮೇಲೆ ಪೂಲ್ ಪದ್ಧತಿ ಉಳಿಯಲಿಲ್ಲ. 1992ರಿಂದ ಶುರುವಾಗಿ ಹಂತಹಂತವಾಗಿ ಸಡಿಲವಾಗುತ್ತ ಹೋಗಿ, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಭಾವನವರು ಅದೇ ಮೊದಲ ಸಲ ಲಂಡನ್ ಮಾರುಕಟ್ಟೆಯ ದರವನ್ನು ಪೇಪರಿನಲ್ಲಿ ಹುಡುಕತೊಡಗಿದರು. ‘ವಿದೇಶಾಂಗ ನೀತಿ’ ಎಂಬ ಪದವನ್ನು ಅವರು ಒಂದು ದಿನವೂ ಬಳಸಿದವರಲ್ಲ.

ಇನ್ನು ಪೂರ್ವದ ಕಡೆ ಬರೋಣ. ಆಗ್ನೇಯ ಏಷ್ಯಾದ ಐದು ದೇಶಗಳು, ಅಂದರೆ ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್, 1967ರಲ್ಲೇ ಆಸಿಯಾನ್ ಕೂಟ ಕಟ್ಟಿಕೊಂಡಿದ್ದವು. ನಾವು ಅದನ್ನು ಅಮೆರಿಕದ ಪರವಾದ ಗುಂಪು ಅಂತ ಅನುಮಾನದಿಂದ ನೋಡಿದೆವು. ಅವರು ನಮ್ಮನ್ನು ಸೋವಿಯತ್ ಪರ ಅಂತ ನೋಡಿದರು. 1980ರಲ್ಲಿ ವಿಯೆಟ್ನಾಂ ಸೇನೆ ಕಾಂಬೋಡಿಯಾದಲ್ಲಿ ಕೂರಿಸಿದ್ದ ಹೆಂಗ್ ಸಾಮ್ರಿನ್ ಸರ್ಕಾರಕ್ಕೆ ಇಂದಿರಾ ಗಾಂಧಿ ಸರ್ಕಾರ ಮಾನ್ಯತೆ ಕೊಟ್ಟಿತು. ಆಸಿಯಾನಿನವರಿಗೆ ಸಿಟ್ಟು ಬಂತು. ಮುಂದಿನ ಹತ್ತು ವರ್ಷ ಮಾತುಕತೆ ಅಷ್ಟಕ್ಕಷ್ಟೆ. ಆ ಹತ್ತು ವರ್ಷದಲ್ಲೇ ಅವರು ಕಾರ್ಖಾನೆ, ಬಂದರು ಕಟ್ಟಿಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದರು.

ಇದು ನಿಮ್ಮ ಕಾದಂಬರಿಗೆ ಬೇಕಾದ ಮಾತು: ತಿರುಗುವ ದೇಶಕ್ಕೆ ಮುಂದಿರುವ ಬಾಗಿಲು ತೆರೆದೇ ಇರುತ್ತದೆ ಅಂದುಕೊಳ್ಳಬೇಡಿ. ಬಡವಾಗಿ, ಹಳೇ ಜಗಳದ ನೆನಪು ಹೊತ್ತು ಹೋದವರನ್ನು ಯಾರೂ ಒಳಮನೆಗೆ ಕರೆಯುವುದಿಲ್ಲ. ಜಗಲಿಯ ಮೇಲೆ ಕೂರಿಸುತ್ತಾರೆ. 1992ರ ಜನವರಿಯಲ್ಲಿ ಸಿಂಗಪುರದ ಶೃಂಗಸಭೆಯಲ್ಲಿ ಭಾರತಕ್ಕೆ ಸಿಕ್ಕಿದ್ದು ಆ ಜಗಲಿಯೇ. ‘ವಲಯವಾರು ಸಂವಾದ ಪಾಲುದಾರ’ ಅಂತ ಒಂದು ಉದ್ದ ಹೆಸರು. ಅರ್ಥ ಇಷ್ಟೆ: ವ್ಯಾಪಾರ, ಹೂಡಿಕೆ, ಪ್ರವಾಸದಂಥ ಕೆಲವು ವಿಷಯ ಮಾತ್ರ ಮಾತಾಡಿ, ಮಿಕ್ಕಿದ್ದು ಆಮೇಲೆ ನೋಡೋಣ. ಪೂರ್ತಿ ಪಾಲುದಾರ ಅನ್ನುವ ತೀರ್ಮಾನ ಬಂದದ್ದು 1995ರ ಡಿಸೆಂಬರಿನಲ್ಲಿ, ಬ್ಯಾಂಕಾಕಿನಲ್ಲಿ. 1996ರ ಜುಲೈನಲ್ಲಿ ಅವರ ಭದ್ರತಾ ವೇದಿಕೆಯಲ್ಲೂ ಕುರ್ಚಿ ಸಿಕ್ಕಿತು. ಅಷ್ಟರಲ್ಲಿ ದೆಹಲಿಯಲ್ಲಿ ನರಸಿಂಹ ರಾವ್ ಹೋಗಿ ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದರು. ಆಸಿಯಾನ್ ಜೊತೆ ನೇರ ಶೃಂಗಸಭೆ ಶುರುವಾದಾಗ 2002, ವಾಜಪೇಯಿ ಕಾಲ. ನೋಡಿ, ಮೂರು ಬೇರೆ ಬೇರೆ ಬಣ್ಣದ ಸರ್ಕಾರ, ಹತ್ತು ವರ್ಷ. ಒಬ್ಬ ಅಧ್ಯಕ್ಷರ ಕೈಯಲ್ಲಿ ಮುಗಿಯುವ ಕೆಲಸ ಇದಲ್ಲ. ನಿಮ್ಮ ಕಥೆಯಲ್ಲಿ ಚುನಾವಣೆಯೊಂದನ್ನು ನಡುವೆ ತನ್ನಿ, ವಿರೋಧ ಪಕ್ಷ ಗೆಲ್ಲಲಿ, ಗೆದ್ದು ಬೈಯುತ್ತಲೇ ಅದೇ ದಾರಿಯಲ್ಲಿ ನಡೆಯಲಿ. ನಂಬಿಕೆ ತಾನಾಗಿ ಬರುತ್ತದೆ.

ಭಾಷಣ ಎಲ್ಲಿ ಹಾಗಾದರೆ? ನರಸಿಂಹ ರಾವ್ ಈ ನೀತಿಯನ್ನು ಬಿಡಿಸಿ ಹೇಳಿದ ದೊಡ್ಡ ಭಾಷಣ 1994ರ ಸೆಪ್ಟೆಂಬರಿನದು. ಕೆಲಸ ಶುರುವಾಗಿ ಎರಡು ಮೂರು ವರ್ಷ ಕಳೆದಿತ್ತು. ಅದೂ ಕೆಂಪುಕೋಟೆಯಲ್ಲಿ ಅಲ್ಲ, ಸಿಂಗಪುರದಲ್ಲಿ. ಕೇಳಬೇಕಾದವರು ಅಲ್ಲಿದ್ದರು, ಅದಕ್ಕೆ. ‘ಲುಕ್ ಈಸ್ಟ್’ ಎಂಬ ಹೆಸರು ವಿದೇಶಾಂಗ ಮಂತ್ರಾಲಯದ 1995-96ರ ವರದಿಯಲ್ಲಿ ಕಾಣಿಸಿತು. ಹೆಸರೂ ನಮ್ಮ ಸ್ವಂತದ್ದಲ್ಲ. ಮಲೇಷ್ಯಾದ ಪ್ರಧಾನಿ ಮಹಾತಿರ್ 1982ರಲ್ಲೇ ಅದನ್ನು ಬಳಸಿದ್ದರು. ಅವರ ಪೂರ್ವ ಅಂದರೆ ಜಪಾನ್, ಕೊರಿಯಾ. ನಮ್ಮ ಪೂರ್ವ ಅಂದರೆ ಅವರು. ಹೀಗೆ ಒಬ್ಬರ ಪೂರ್ವಕ್ಕೆ ಇನ್ನೊಬ್ಬರ ಪೂರ್ವ.

ರಾವ್ ಅವರ ಬಗ್ಗೆ ನನಗೆ ಗೌರವ ಇರುವುದು ಈ ಕಾರಣಕ್ಕೇ. ದೊಡ್ಡ ಮಾತಿನ ಮನುಷ್ಯ ಅವರಲ್ಲ. 1994ರ ಗಣರಾಜ್ಯೋತ್ಸವಕ್ಕೆ ಸಿಂಗಪುರದ ಪ್ರಧಾನಿ ಗೋ ಚೋಕ್ ಟಾಂಗ್ ಅವರನ್ನು ಅತಿಥಿಯಾಗಿ ಕರೆದರು. ಅದೇ ವರ್ಷ ಎರಡೂ ದೇಶದ ನೌಕಾಪಡೆಗಳು ಜೊತೆಯಲ್ಲಿ ಕವಾಯತು ಶುರುಮಾಡಿದವು. 1995ರಲ್ಲಿ ಪೋರ್ಟ್ ಬ್ಲೇರಿಗೆ ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್, ಶ್ರೀಲಂಕಾ ಹಡಗುಗಳು ಬಂದವು, ‘ಮಿಲನ್’ ಅನ್ನುವ ಹೆಸರಿನಲ್ಲಿ. ಯಾವುದೂ ಮುಖಪುಟದ ಸುದ್ದಿ ಅನ್ನುವ ಹಾಗಿರಲಿಲ್ಲ.

ಬೆಂಗಳೂರಿನವರು ಆ ತಿರುವನ್ನು ದಿನಾ ಬಸ್ಸಿನ ಬೋರ್ಡಿನಲ್ಲಿ ಓದುತ್ತಾರೆ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ 335ಇ ಹತ್ತಿದವರಿಗೆ ಐಟಿಪಿಎಲ್ ಗೊತ್ತು. ವೈಟ್‌ಫೀಲ್ಡಿನ ಆ ಟೆಕ್ ಪಾರ್ಕು ರಾವ್ ಮತ್ತು ಗೋ ಚೋಕ್ ಟಾಂಗ್ ಕಾಲದ ಮಾತುಕತೆಯ ಕೂಸು. 1994ರಲ್ಲಿ ಜಂಟಿ ಕಂಪನಿ ಆಯಿತು. ಟಾಟಾದವರದು 40 ಪಾಲು, ಸಿಂಗಪುರದ ಕೂಟದ್ದು 40, ಕರ್ನಾಟಕ ಸರ್ಕಾರದ್ದು 20. ಆಗಿನ ವೈಟ್‌ಫೀಲ್ಡ್ ಅಂದರೆ ನೀಲಗಿರಿ ತೋಪು, ಧೂಳು, ಅಲ್ಲೊಂದು ಇಲ್ಲೊಂದು ಟೀ ಅಂಗಡಿ. ಆ ತೋಪಿನ ನಡುವೆ ಸ್ವಂತ ಕರೆಂಟಿನ ವ್ಯವಸ್ಥೆ ಇರುವ ಗಾಜಿನ ಕಟ್ಟಡ ಏಳುತ್ತಿದ್ದುದನ್ನು ನಾವು ಬಸ್ ಕಿಟಕಿಯಿಂದ ಬಾಯಿಬಿಟ್ಟು ನೋಡಿದ್ದುಂಟು. ಊರಿನಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಲಾಗದ ಕಾಲ ಅದು. ಇದಕ್ಕೂ ದೆಹಲಿಯ ವಿದೇಶಾಂಗ ನೀತಿಗೂ ನಂಟಿದೆ ಅಂತ ನನಗೂ ಆಗ ಹೊಳೆದಿರಲಿಲ್ಲ.

ನೆಲದ ದಾರಿಯ ಕಥೆ ಬೇರೆ. ಸಮುದ್ರ, ವಿಮಾನ, ಬ್ಯಾಂಕ್ ಖಾತೆಯಲ್ಲಿ ತಿರುಗುವುದು ಸುಲಭ. ರಸ್ತೆಯಲ್ಲಿ ತಿರುಗುವುದು ಕಷ್ಟ. ಪೂರ್ವಕ್ಕೆ ನೆಲದಲ್ಲಿ ಹೋಗಬೇಕಾದರೆ ಮ್ಯಾನ್ಮಾರ್ ದಾಟಬೇಕು. ಅಲ್ಲಿ ಸೇನೆಯ ಆಡಳಿತ. ನಾವು ಮೊದಲು, ಪ್ರಜಾಪ್ರಭುತ್ವಕ್ಕಾಗಿ ಸೇನೆಯನ್ನು ಎದುರಿಸಿದ ಆಂಗ್ ಸಾನ್ ಸೂ ಕಿ ಪರ ಗಟ್ಟಿಯಾಗಿ ನಿಂತಿದ್ದೆವು. 1993ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆ.ಎನ್. ದೀಕ್ಷಿತ್ ಯಾಂಗೂನಿಗೆ ಹೋಗಿ ಸೇನೆಯವರ ಜೊತೆ ಮಾತು ಶುರುಮಾಡಿದರು. ಒಂದು ಕಡೆ ಜನರಲ್‌ಗಳ ಜೊತೆ ಮಾತು, ಇನ್ನೊಂದು ಕಡೆ ಸೂ ಕಿಗೆ ನೆಹರೂ ಪ್ರಶಸ್ತಿ. ಎರಡು ದೋಣಿಯ ಮೇಲೆ ಕಾಲು. ಇದನ್ನು ಬೂಟಾಟಿಕೆ ಎನ್ನುವವರಿದ್ದಾರೆ. ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ. ಆದರೆ ಈಶಾನ್ಯದ ಬಂಡುಕೋರರು ಗಡಿಯಾಚೆಯ ಕಾಡಿನಲ್ಲಿ ಬೀಡುಬಿಟ್ಟಿದ್ದರು. ಅವರನ್ನು ತಡೆಯಲು ಆ ಕಡೆಯ ಸೇನೆ ಬೇಕಿತ್ತು.

ಗಡಿಯ ವ್ಯಾಪಾರಕ್ಕೆ ಮಣಿಪುರದ ಮೊರೆಯಲ್ಲಿ 1995ರಲ್ಲಿ ಬಾಗಿಲು ತೆರೆದರು. ಮೊರೆ ಒಂದು ವಿಚಿತ್ರ ಊರು. ಆಗ ಅಲ್ಲಿ ಮೈತೇಯಿ, ಕುಕಿ, ನೇಪಾಳಿಗಳ ನಡುವೆ ತಮಿಳರೂ ಇದ್ದರು. 1962ರ ಸೇನಾ ಕ್ರಾಂತಿಯ ನಂತರ ಬರ್ಮಾ ಬಿಟ್ಟು ಬಂದ ಕುಟುಂಬಗಳು ಅಲ್ಲೇ ನೆಲೆಸಿ ಅಮ್ಮನವರ ಗುಡಿಯನ್ನೂ ಕಟ್ಟಿಕೊಂಡವು. ಅಲ್ಲಿಂದ ಗಡಿಯಾಚೆಯ ಊರು ತಾಮು ದಾಟಿ 160 ಕಿಲೋಮೀಟರ್ ರಸ್ತೆಯನ್ನು ನಮ್ಮ ಗಡಿ ರಸ್ತೆ ಸಂಸ್ಥೆ ಮಾಡಿಕೊಟ್ಟಿತು, 2001ರಲ್ಲಿ ತೆರೆಯಿತು. ಮೊರೆಯಿಂದ ಥಾಯ್ಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿಲೋಮೀಟರ್ ಹೆದ್ದಾರಿ ಮಾಡುವ ಮಾತು ಅದರ ಬೆನ್ನಿಗೇ ಬಂತು. ಆಮೇಲೆ ಇಪ್ಪತ್ತು ವರ್ಷ ಕಳೆದರೂ ಅದು ಪೂರ್ತಿಯಾಗಲಿಲ್ಲ. 2021ರಲ್ಲಿ ಮ್ಯಾನ್ಮಾರಿನಲ್ಲಿ ಮತ್ತೆ ಸೇನೆ ಗದ್ದುಗೆ ಹಿಡಿಯಿತು, ಅಂತರ್ಯುದ್ಧ ಹೊತ್ತಿಕೊಂಡಿತು. 2014ರಲ್ಲಿ ಮೋದಿ ಸರ್ಕಾರ ನೀತಿಯ ಹೆಸರನ್ನು ‘ಆಕ್ಟ್ ಈಸ್ಟ್’ ಅಂತ ಬದಲಿಸಿತ್ತು. ನೋಡಿದ್ದು ಸಾಕು, ಮಾಡೋಣ ಎನ್ನುವ ಅರ್ಥದಲ್ಲಿ. ಹೆಸರು ಬದಲಾದರೂ ಗುಡ್ಡದ ರಸ್ತೆ ಅಷ್ಟು ಬೇಗ ಮುಗಿಯಲಿಲ್ಲ. ನಿಮ್ಮ ಪುಟ್ಟ ದೇಶಕ್ಕೂ ಇಂಥ ಒಂದು ಮುಗಿಯದ ಸೇತುವೆ ಕೊಡಿ. ಎರಡು ಕಂಬ ಎದ್ದು ನಿಂತಿರಲಿ, ನಡುವೆ ಹೊಳೆ ಹರಿಯುತ್ತಿರಲಿ.

ಈಗ ನಿಮ್ಮ ಕಾದಂಬರಿಯಲ್ಲಿ ನನಗೆ ಎಲ್ಲೂ ಕಾಣದ ಪಾತ್ರ. ತಿರುವಿನ ಖರ್ಚು ಕೊಡುವವರು ಯಾರು?

ಆಸಿಯಾನ್ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2009ರ ಆಗಸ್ಟಿನಲ್ಲಿ ಬ್ಯಾಂಕಾಕಿನಲ್ಲಿ ಸಹಿ ಬಿತ್ತು. 2010ರ ಜನವರಿ 1ರಿಂದ ಜಾರಿ. ಪಟ್ಟಿಯಲ್ಲಿ ಕೆಲವು ವಸ್ತುಗಳಿಗೆ ‘ವಿಶೇಷ’ ಅಂತ ಗುರುತು ಹಾಕಿ, ಸುಂಕವನ್ನು ನಿಧಾನವಾಗಿ, 2019ರ ಕೊನೆಯ ತನಕ ಇಳಿಸುವುದು ಅಂತ ಮಾಡಿದರು. ಮೆಣಸಿಗೆ ಶೇ 70ರಿಂದ 50ಕ್ಕೆ. ಕಾಫಿ, ಚಹಾಕ್ಕೆ 100ರಿಂದ 45ಕ್ಕೆ. ಕಚ್ಚಾ ತಾಳೆ ಎಣ್ಣೆಗೆ 80ರಿಂದ 37.5ಕ್ಕೆ. ಕೇರಳದಲ್ಲಿ ಎಡಪಕ್ಷದವರು ಮಾನವ ಸರಪಳಿ ಮಾಡಿ ವಿರೋಧಿಸಿದರು. ಕೊಡಗು, ಹಾಸನದಲ್ಲೂ ಬೆಳೆಗಾರರು ಗೊಣಗಿದರು. ದೆಹಲಿಗೆ ಸಾಫ್ಟ್‌ವೇರು, ಸೇವೆಗಳು, ಹಡಗುದಾರಿಯ ಗೆಳೆತನ ಬೇಕಿತ್ತು. ಅದಕ್ಕೆ ಬದಲಾಗಿ ಕೊಡಲು ಕೈಯಲ್ಲಿದ್ದುದು ಇದೇ ಪಟ್ಟಿ.

ಮೆಣಸು ಅಂದರೆ ಕಾಫಿ ತೋಟದವರಿಗೆ ಬ್ಯಾಂಕಿನ ಎಫ್‌ಡಿ ಇದ್ದ ಹಾಗೆ. ಸಿಲ್ವರ್ ಮರಕ್ಕೆ ಬಳ್ಳಿ ಹಬ್ಬಿಸಿರುತ್ತಾರೆ. ಕಾಫಿ ಕೈಕೊಟ್ಟ ವರ್ಷ ಮೆಣಸು ಕಾಯುತ್ತದೆ. ಒಣಗಿಸಿ ಮೂಟೆ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಮಗಳ ಮದುವೆಗೋ ಮನೆ ರಿಪೇರಿಗೋ ತೆಗೆದು ಮಾರಬಹುದು. ಅಷ್ಟರಲ್ಲಿ ವಿಯೆಟ್ನಾಂ ಪ್ರಪಂಚದಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶವಾಗಿತ್ತು. ಆ ಮೆಣಸು ನೇರವಾಗಿ ಬಂದರೆ ಸುಂಕ ಜಾಸ್ತಿ. ಶ್ರೀಲಂಕಾ ಜೊತೆಗಿನ ಇನ್ನೊಂದು ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇರಲಿಲ್ಲ. ವಿಯೆಟ್ನಾಂ ಮೆಣಸು ಕೊಲಂಬೋ ದಾರಿ ಹಿಡಿದು, ಶ್ರೀಲಂಕಾದ್ದು ಅಂತ ಹೇಳಿಕೊಂಡು ಬರುತ್ತಿದೆ ಎಂದು ಬೆಳೆಗಾರರು ಬೊಬ್ಬೆ ಹಾಕಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಬೆಲೆ ಕಟ್ಟಿತು. ಅದಕ್ಕಿಂತ ಕಡಿಮೆ ಬೆಲೆ ತೋರಿಸಿದ ಮಾಲು ಒಳಗೆ ಬರಬಾರದು ಅಂತ.

ಭಾವನವರ ಮನೆಗೆ ಹೋದಾಗ ಅವರು ಎರಡು ಮುಷ್ಟಿ ಮೆಣಸು ಮೇಜಿನ ಮೇಲೆ ಸುರಿದು ‘ಯಾವುದು ನಮ್ಮದು, ಹೇಳಿ’ ಅಂದಿದ್ದರು. ನನಗೆ ಎರಡೂ ಒಂದೇ ಥರ ಕಂಡವು. ಅವರು ಒಂದನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಲ್ಲಿ ಉಜ್ಜಿ ಮೂಸಿ, ‘ಇದರಲ್ಲಿ ಖಾರ ಇದೆ, ವಾಸನೆ ಇಲ್ಲ’ ಎಂದು ಪಕ್ಕಕ್ಕೆ ತಳ್ಳಿದರು. ವಿಯೆಟ್ನಾಂ ಜೊತೆಗಿನ ಗೆಳೆತನ ಎಷ್ಟು ಮುಖ್ಯ ಅಂತ ನಾನು ವಿವರಿಸಲು ಹೊರಟವನು ಸುಮ್ನೆ ಕಾಫಿ ಕುಡಿದು ಬಂದೆ.

ಇನ್ನೊಂದು ದೇಶದ ಹೆಸರು ಹೇಳುತ್ತೇನೆ, ನಿಮ್ಮ ಕಥೆಗೆ ಅಳತೆಯಲ್ಲಿ ಹತ್ತಿರ: ನ್ಯೂಜಿಲೆಂಡ್. ಸಣ್ಣ ದೇಶ, ಒಂದೇ ಗಿರಾಕಿ. 1950ರ ಸುಮಾರಿಗೆ ಅವರ ರಫ್ತಿನಲ್ಲಿ ಮೂರರಲ್ಲಿ ಎರಡು ಪಾಲು ಬ್ರಿಟನ್ನಿಗೇ ಹೋಗುತ್ತಿತ್ತು. ಬೆಣ್ಣೆ, ಗಿಣ್ಣು, ಕುರಿ ಮಾಂಸ, ಉಣ್ಣೆ. 1973ರ ಜನವರಿ 1ರಂದು ಬ್ರಿಟನ್ ಯುರೋಪಿನ ಆರ್ಥಿಕ ಕೂಟ ಸೇರಿತು. ಆ ಕೂಟದವರಿಗೆ ಅವರದೇ ಬೆಣ್ಣೆ ಬೇಕಾದಷ್ಟಿತ್ತು. ನ್ಯೂಜಿಲೆಂಡ್ ಕಣ್ಣುಮುಚ್ಚಿ ಕೂತಿರಲಿಲ್ಲ. 1971ರಲ್ಲೇ ಮಂತ್ರಿ ಜಾನ್ ಮಾರ್ಷಲ್ ಹೋಗಿ ಗೋಗರೆದು, ಬೆಣ್ಣೆ ಗಿಣ್ಣಿಗೆ ಐದು ವರ್ಷದ ಗಡುವು ತಂದಿದ್ದರು. 1983ರಲ್ಲಿ ಆಸ್ಟ್ರೇಲಿಯಾ ಜೊತೆ ಒಪ್ಪಂದ. ನಿಧಾನವಾಗಿ ಏಷ್ಯಾದ ಕಡೆ. 2008ರಲ್ಲಿ ಚೀನಾ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡ ಮೊದಲ ಮುಂದುವರಿದ ದೇಶ ಅದೇ. ಅಪ್ಪನ ಮನೆ ಬಾಗಿಲು ಮುಚ್ಚಿದ್ದರಿಂದ ಪಕ್ಕದ ಬೀದಿಯಲ್ಲಿ ನೆಂಟಸ್ತನ ಮಾಡಿಕೊಂಡವರು ಅವರು.

ಈ ಎರಡು ಕಥೆಗಳು ಒಂದು ದಿನ ಎದುರುಬದುರಾದವು. ಆಸಿಯಾನ್, ಚೀನಾ, ಜಪಾನ್, ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ ಸೇರಿ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಕೂಟದ ಮಾತುಕತೆ ವರ್ಷಗಟ್ಟಲೆ ನಡೆಯಿತು. ನಮ್ಮ ಪೂರ್ವದ ನೀತಿಗೆ ಅದು ಸಹಜವಾದ ಮುಂದಿನ ಮೆಟ್ಟಿಲು. ಆದರೆ ಹಳ್ಳಿಯ ಡೇರಿಗಳಲ್ಲಿ ಒಂದೇ ಮಾತು: ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಗತಿ ಏನು? ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಡೇರಿಯ ಮುಂದೆ ನಿಲ್ಲುವ ಹೆಂಗಸರ ಎದುರು, ನೂರಾರು ಹಸುಗಳ ಹಿಂಡು ಇರುವ ದೇಶ. ಚೀನಾದ ಅಗ್ಗದ ಮಾಲಿನ ಭಯವೂ ಜೊತೆಗಿತ್ತು. 2019ರ ನವೆಂಬರ್ 4ರಂದು, ಅದೇ ಬ್ಯಾಂಕಾಕಿನಲ್ಲಿ, ಭಾರತ ಸೇರುವುದಿಲ್ಲ ಎಂದು ಎದ್ದುಬಂತು. ಮಿಕ್ಕ 15 ದೇಶಗಳು ಮರುವರ್ಷ ಸಹಿ ಹಾಕಿದವು. ಅದು ಸರಿಯೋ ತಪ್ಪೋ ಎಂದು ನಮ್ಮ ಕಡೆಯ ತಜ್ಞರು ಈಗಲೂ ಜಗಳವಾಡುತ್ತಾರೆ. ನನ್ನ ಮಟ್ಟಿಗೆ, ಹಾಲಿನ ವಿಷಯದಲ್ಲಿ ಸರಿ, ಕಾರ್ಖಾನೆಗಳ ವಿಷಯದಲ್ಲಿ ನಷ್ಟ. ಎರಡನ್ನೂ ಬಿಡಿಸಿ ಮಾತಾಡುವ ಜಾಣತನ ನಮ್ಮವರು ತೋರಿಸಬಹುದಿತ್ತು ಅನ್ನಿಸುತ್ತದೆ.

ಹಾಗಾಗಿ ನಿಮ್ಮ ಕಾದಂಬರಿಗೆ ಬರೋಣ. ಮೊದಲ ಅಧ್ಯಾಯವನ್ನು ಬಂದರಿನಲ್ಲಿ ಶುರುಮಾಡಿ. ಪ್ರತಿ ವರ್ಷ ಮೆಣಸು ಒಯ್ಯಲು ಬರುತ್ತಿದ್ದ ದೊಡ್ಡ ದೇಶದ ಹಡಗು ಈ ಸಲ ಬಂದಿಲ್ಲ. ಗೋದಾಮಿನಲ್ಲಿ ಮೂಟೆ ಸೂರು ಮುಟ್ಟಿದೆ. ಗುಮಾಸ್ತ ದಿನಾ ಫೋನ್ ಮಾಡುತ್ತಾನೆ, ಆ ಕಡೆ ಯಾರೂ ಎತ್ತುವುದಿಲ್ಲ. ನಾಲ್ಕನೇ ಅಧ್ಯಾಯದ ಹೊತ್ತಿಗೆ ಒಬ್ಬ ಸಣ್ಣ ಅಧಿಕಾರಿ, ಅವನಿಗೆ ಹೆಸರೂ ಬೇಡ, ಪೂರ್ವದ ಊರೊಂದರ ಕಚೇರಿಯಲ್ಲಿ ಮೂರು ಗಂಟೆ ಕಾದು ಹತ್ತು ನಿಮಿಷ ಮಾತಾಡಿ ಬರಲಿ. ಅಧ್ಯಕ್ಷರ ಭಾಷಣ ಬೇಕೇ ಬೇಕು ಅಂದರೆ ಹನ್ನೆರಡನೇ ಅಧ್ಯಾಯಕ್ಕೆ ಇಡಿ, ಅದನ್ನೂ ಪರದೇಶದ ಸಭಾಂಗಣದಲ್ಲಿ ಮಾಡಿಸಿ. ಆ ರಾತ್ರಿ ಟಿವಿಯಲ್ಲಿ ಅದು ಬರುತ್ತಿರುವಾಗ ತೋಟದ ಮನೆಯಲ್ಲಿ ಯಾರೋ ಎದ್ದು ಹೋಗಿ ಒಣಗಲು ಹಾಕಿದ ಮೆಣಸಿನ ಮೇಲೆ ಟಾರ್ಪಾಲು ಎಳೆಯುತ್ತಿರಲಿ. ಮೋಡ ಕಟ್ಟಿದೆ ನೋಡಿ, ಅದಕ್ಕೆ.